ಹತ್ತಕ್ಕೆ ಹತ್ತು ಬಂದ ಪ್ರಾರ್ಥನೆ

ಅಕ್ಕ ತನ್ನ ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳನ್ನು ಶಾಲೆ ಬಿಡಿಸಿ, ಚಿಕ್ಕವಳನ್ನು ಸೇರಿಸದೆ, ಅಡುಗೆಮನೆಯ ಮೇಜಿನ ಮೇಲೆ ತಾನೇ ಶಾಲೆ ತೆರೆದು ಎರಡು ವರ್ಷವಾಗುತ್ತ ಬಂದಿತ್ತು. ಕಾರಣ ಕೇಳಿದವರಿಗೆ, “ಲೆಕ್ಕ ಯಾರು ಬೇಕಾದ್ರೂ ಕಲಿಸ್ತಾರೆ, ದೇವರನ್ನ ಮನೇಲೇ ಕಲಿಸ್ಬೇಕು” ಎನ್ನುತ್ತಿದ್ದಳು. ಆ ‘ಯಾರು ಬೇಕಾದರೂ’ ನಾನು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಎಲ್ಲೂ ಕೆಲಸ ಸಿಗದೆ, ಅವಳ ಮನೆಯ ಹಿಂದಿನ ಕೋಣೆಯಲ್ಲಿ ಬೀಡುಬಿಟ್ಟಿದ್ದ ತಮ್ಮ. ಮಗ್ಗಿ, ಭಾಗಾಕಾರ, ನಕ್ಷೆ ನನ್ನ ಪಾಲಿಗೆ. ದೇವರ ವಿಭಾಗ ಪೂರ್ತಿ ಅವಳದು.

ಮದುವೆಗೆ ಮುಂಚೆ ಅಕ್ಕ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಳು. ಕೆಲಸ ಬಿಟ್ಟರೂ ಕೈಯ ಚಾಳಿ ಬಿಡಲಿಲ್ಲ. ಪ್ರತಿ ಸಂಜೆ ಮಕ್ಕಳು ಮರುದಿನದ ಪ್ರಾರ್ಥನೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ಅವಳು ಕೆಂಪು ಪೆನ್ನಿನಲ್ಲಿ ತಿದ್ದಿ ಹತ್ತಕ್ಕೆ ಇಷ್ಟೆಂದು ಅಂಕ ಹಾಕುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಶುದ್ಧಪ್ರತಿ ದೇವರ ಮುಂದೆ. ಅಂಚಿನ ಟಿಪ್ಪಣಿಗಳನ್ನು ನೋಡಬೇಕಿತ್ತು: ‘ಇದೇ ಬೇಡಿಕೆ ಮೊನ್ನೆಯೂ ಬಂದಿದೆ.’ ‘ಕೃತಜ್ಞತೆ ಎಲ್ಲಿ?’ ‘ದೂರು ಬೇಡ.’ ‘ಆಮೆನ್‌ಗೆ ಇಷ್ಟೊಂದು ಅವಸರವೇ?’

ದೊಡ್ಡವಳಿಗೆ ಹತ್ತು ವರ್ಷ. ಯಾವ ಮಾತಿಗೂ ಎದುರು ವಾದ ಹೂಡುತ್ತಿದ್ದರಿಂದ ಮನೆಯಲ್ಲಿ ಅವಳ ಹೆಸರು ವಕೀಲೆ. ಮೊದಲ ವಾರವೇ ಕೇಳಿದ್ದಳು.

“ಅಮ್ಮಾ, ದೇವರು ಓದೋದು ನೀನು ತಿದ್ದೋಕೆ ಮುಂಚೆನಾ, ತಿದ್ದಿದ ಮೇಲಾ?”

“ತಿದ್ದಿದ ಮೇಲೆ.”

“ಹಾಗಾದ್ರೆ ನಾನು ಬರೀತಿರುವಾಗ ಕಣ್ಣು ಮುಚ್ಕೊಂಡಿರ್ತಾರಾ?”

ಅಕ್ಕ ನನ್ನ ಮುಖ ನೋಡಿದಳು. ನನಗೆ ಏಳರ ಮಗ್ಗಿಯಲ್ಲಿ ತುರ್ತು ಕೆಲಸ ಬಂತು.

ಆಮೇಲೆ ವಕೀಲೆ ವಾದ ನಿಲ್ಲಿಸಿದಳು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಎರಡು ತಿಂಗಳಲ್ಲಿ ಅವಳ ಪ್ರಾರ್ಥನೆಗೆ ಹತ್ತಕ್ಕೆ ಹತ್ತು ಬರತೊಡಗಿತು. ಚಿಕ್ಕವಳು ಗುಂಡಮ್ಮ, ಐದು ವರ್ಷ. ಬರೆಯಲು ಬಾರದ್ದರಿಂದ ಅವಳು ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. “ದೇವರೇ, ಪಕ್ಕದ್ಮನೆಯವಳ ಹಲ್ಲು ಬಿತ್ತು, ನನ್ನದೂ ಬೀಳಿಸು. ಬೈಬಲ್ ಕತೆಯ ಆ ದೊಡ್ಡ ದೋಣೀಲಿ ಅಷ್ಟೊಂದು ಪ್ರಾಣಿ ಇದ್ವಲ್ಲ, ಸಗಣಿ ಯಾರು ಬಳೀತಿದ್ರು?” ಹತ್ತಕ್ಕೆ ಮೂರು. ಆ ಮನೆಯಲ್ಲಿ ನಿಜವಾಗಿ ದೇವರ ವಿಳಾಸಕ್ಕೆ ಹೋಗುತ್ತಿದ್ದದ್ದು ಅದೊಂದೇ ಅರ್ಜಿ ಎಂದು ನನಗನ್ನಿಸುತ್ತಿತ್ತು. ಹೇಳಲಿಲ್ಲ. ಬಾಡಿಗೆ ಕೊಡದವನು ಎಷ್ಟು ಮಾತಾಡಬಹುದೆಂಬುದಕ್ಕೂ ಒಂದು ಮಿತಿಯಿದೆ.

ಭಾವ ಲಿಫ್ಟ್ ರಿಪೇರಿ ಮಾಡುವವರು. ದಿನವಿಡೀ ಮೇಲೆ ಕೆಳಗೆ ಓಡಾಡಿದರೂ ಸ್ವರ್ಗದ ಬಗ್ಗೆ ಅವರಿಗೆ ವಿಶೇಷ ಮಾಹಿತಿ ಇರಲಿಲ್ಲ. ದೊಡ್ಡವಳನ್ನು ಶಾಲೆ ಬಿಡಿಸುವಾಗ ಅವರು ಒಂದೇ ಷರತ್ತು ಹಾಕಿದ್ದರು: ಎರಡು ವರ್ಷದ ನಂತರ ನಮ್ಮ ಚರ್ಚ್ ಸಭೆಯ ಪಾಸ್ಟರ್ ಬಂದು ನೋಡಬೇಕು. ಮಕ್ಕಳ ವಿಶ್ವಾಸ ಬೆಳೆದಿದೆ ಎಂದರೆ ಮನೆಶಾಲೆ ಮುಂದುವರಿಯಲಿ. ಇಲ್ಲವಾದರೆ ಹೊಸ ತರಗತಿಗೆ ಮತ್ತೆ ಶಾಲೆ.

ಅಕ್ಕನಿಗೆ ಇದು ಆಟವಾಗಿರಲಿಲ್ಲ. ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿದ್ದಾಳೆಂದು ಸಭೆಯ ಹೆಂಗಸರು ಅವಳಿಗೆ ಕೇಳುವಂತೆಯೇ ಪಿಸುಗುಡುತ್ತಿದ್ದರು. ಪಾಸ್ಟರ್ ಬರುವ ವಾರ ಅವಳು ಒರೆಸುವ ಬಟ್ಟೆಗೂ ಇಸ್ತ್ರಿ ಹಾಕಿದಳು.

ಶನಿವಾರ ನಾಲ್ಕು ಗಂಟೆಗೆ ಪಾಸ್ಟರ್ ಬಂದರು. ಭಾರೀ ಆಳು. ಬಿಸ್ಕತ್ತಿನ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು ವಕೀಲೆಯ ನೋಟ್‌ಬುಕ್ ತಿರುವಿದರು.

“ಅಬ್ಬಬ್ಬಾ! ನನ್ನ ಪ್ರಾರ್ಥನೆಗೂ ಇಷ್ಟು ಲಕ್ಷಣ ಇಲ್ಲ ಕಣಮ್ಮಾ.”

ಅಕ್ಕನ ಮುಖ ಅರಳಿತು. ವಕೀಲೆ ಎದ್ದು ನಿಂತು, ಕಣ್ಣು ಮುಚ್ಚಿ, ಒಂದು ಪ್ರಾರ್ಥನೆಯನ್ನು ತಡವರಿಸದೆ ಒಪ್ಪಿಸಿದಳು. ದನಿ ಏರಬೇಕಾದಲ್ಲಿ ಏರಿತು, ನಡುಗಬೇಕಾದಲ್ಲಿ ನಡುಗಿತು. ಪಾಸ್ಟರ್ ಎಷ್ಟು ಜೋರಾಗಿ ಆಮೆನ್ ಅಂದರೆಂದರೆ ಬಿಸ್ಕತ್ತಿನ ಪುಡಿ ನನ್ನವರೆಗೂ ಹಾರಿತು. ಆಮೇಲೆ, ಸುಮ್ಮನೆ ಮಾತಿಗೆ, ಕೇಳಿದರು.

“ಇದನ್ನ ಬರೆಯುವಾಗ ದೇವರು ಹತ್ತಿರ ಇದ್ದಾರೆ ಅನ್ಸುತ್ತಾ, ಮಗಳೇ?”

“ಇಲ್ಲ ಅಂಕಲ್. ಅದು ಅಮ್ಮನಿಗೆ ಬರೆದಿದ್ದು.”

ಮೌನಗಳ ಬಗ್ಗೆ ನನಗೆ ಸ್ವಲ್ಪ ಅನುಭವವಿದೆ. ಪರೀಕ್ಷೆಯ ಕೋಣೆಯ ಮೌನ, ನನ್ನ ಸರ್ಟಿಫಿಕೇಟ್ ಓದಿ ಮುಗಿಸಿದ ಸಂದರ್ಶಕರ ಮೌನ. ಇದು ಹೊಸತು. 

“ಅಮ್ಮನಿಗಾ?” ಎಂದರು ಪಾಸ್ಟರ್.

“ಓದೋರು ಅವರೇ ತಾನೇ? ಅಂಕ ಕೊಡೋರೂ ಅವರೇ.”

“ಮತ್ತೆ ದೇವರಿಗೆ?”

“ದೇವರ ಹತ್ರ ಬಾತ್‌ರೂಮಲ್ಲಿ ಮಾತಾಡ್ತೀನಿ. ಅಲ್ಲಿಗೆ ಅಮ್ಮ ಬರಲ್ಲ.”

“ಏನಂತ ಮಾತಾಡ್ತೀಯ?”

“ಅದು ನಿಮಗ್ಯಾಕೆ?”

“ಏಯ್!” ಎಂದಳು ಅಕ್ಕ.

ಭಾವನಿಗೆ ಟೀ ಮೂಗಿಗೆ ಏರಿತು. ಕೆಮ್ಮಿದರು, ಒರೆಸಿಕೊಂಡರು, ಕೊನೆಗೆ ತಡೆಯಲಾರದೆ ಮೇಜು ಹಿಡಿದುಕೊಂಡು ನಕ್ಕುಬಿಟ್ಟರು.

“ನಗ್ರಿ,” ಎಂದಳು ಅಕ್ಕ. ದನಿ ಏರಲಿಲ್ಲ. ನೋಟ್‌ಬುಕ್ ಮುಚ್ಚಿ ಅದರ ಮೇಲೆ ಅಂಗೈ ಊರಿದಳು. “ಏಳುನೂರು ಪುಟ ತಿದ್ದಿದೀನಿ ಪಾಸ್ಟರ್. ಒಂದೂ ಮೇಲೆ ಹೋಗಿಲ್ಲ. ಇವಳಿಗೆ ಕೊಡ್ಬೇಕು ಅಂದ್ಕೊಂಡಿದ್ದು ದೇವರನ್ನೊಂದೇ. ಆಯ್ತು, ಸೋತೆ. ಶಾಲೆಗೇ ಸೇರಿಸ್ತೀವಿ.”

ಭಾವನ ನಗು ಅರ್ಧದಲ್ಲೇ ನಿಂತಿತು. ವಕೀಲೆ ಬೆಚ್ಚಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ತಾನು ನುಡಿದ ಸಾಕ್ಷಿ ತಾಯಿಯ ವಿರುದ್ಧ ಹೋಗುತ್ತದೆಂದು ಅವಳಿಗೆ ಹೊಳೆದಿರಲಿಲ್ಲ.

“ಬೇಡಮ್ಮಾ! ಶಾಲೇಲಿ ಬಾತ್‌ರೂಮಿಗೆ ಕ್ಯೂ ಇರುತ್ತೆ. ಹೊರಗಿಂದ ಬಾಗಿಲು ಬಡೀತಾನೇ ಇರ್ತಾರೆ. ನಾನು ದೇವರ ಹತ್ರ ಮಾತಾಡೋದು ಹೇಗೆ?”

ಪಾಸ್ಟರ್ ಕೈಯಲ್ಲಿದ್ದ ಬಿಸ್ಕತ್ತನ್ನು ಕೆಳಗಿಟ್ಟರು. “ದಿನಾ ಮಾತಾಡ್ತೀಯಾ?”

“ದಿನಾ. ಜಗಳ ಆದ ದಿನ ಎರಡು ಸಲ.”

“ದೇವರ ಜೊತೆ ಜಗಳಾನಾ?”

“ಅಯ್ಯೋ, ಅಮ್ಮನ ಜೊತೆ! ದೇವರ ಹತ್ರ ಹೇಳ್ಕೊಳ್ಳೋದು.”

ಪಾಸ್ಟರ್ ಬಿಸ್ಕತ್ತಿನ ತಟ್ಟೆಯನ್ನು ದೂರ ತಳ್ಳಿದರು. ಆಮೇಲೆ ಭಾವನ ಕಡೆ ತಿರುಗಿದರು. “ಇಲ್ಲೇ ಓದ್ಲಿ ಬಿಡಪ್ಪಾ. ನಮ್ಮ ಸಭೇಲಿ ದಿನಾ ಹೀಗೆ ಹೇಳ್ಕೊಳ್ಳೋರು ಎಷ್ಟು ಜನ ಇದ್ದಾರೋ ನಂಗೊತ್ತಿಲ್ಲ. ನಾನಂತೂ ವಾರಕ್ಕೊಂದು ಸಲ, ಅದೂ ಮೈಕ್ ಇದ್ರೆ.” ಅಕ್ಕನಿಗೆ ಮೆಲ್ಲಗೆ ಹೇಳಿದರು, “ಆ ಪೆನ್ನು ಬೇರೆ ಪಾಠಕ್ಕೆ ಇಟ್ಕೊಳ್ಳಮ್ಮಾ.”

ಗೆದ್ದಿದ್ದು ಅಕ್ಕನೇ. ಆದರೆ ಗೆದ್ದವಳ ಮುಖವಾಗಿರಲಿಲ್ಲ ಅದು. ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೇಜಿನ ಮೇಲೆ ಏನೂ ಇರಲಿಲ್ಲ. “ಇವತ್ತು ನಾನು ಮಾಡ್ತೀನಿ,” ಎಂದು ಅಕ್ಕ ಕಣ್ಣು ಮುಚ್ಚಿದಳು. ಭಾವನೂ ಟೂಲ್ ಚೀಲ ಬಾಗಿಲಲ್ಲಿಟ್ಟು ಬಂದು ಕುಳಿತರು.

“ಸರ್ವಶಕ್ತನಾದ ದೇವರೇ...” ನಿಂತಳು. “ಕರುಣಾಮಯನಾದ...” ಮತ್ತೆ ನಿಂತಳು. ನಾನು ಒಂದು ಕಣ್ಣು ತೆರೆದೆ. ಅವಳ ತುಟಿ ಅಲುಗುತ್ತಿತ್ತು. ಹುಟ್ಟುವ ಪ್ರತಿ ಪದವನ್ನೂ ಒಳಗೇ ಹೊಡೆದುಹಾಕುತ್ತಿದ್ದಳು. ಎದುರಿಗೆ ವಕೀಲೆಯ ಒಂದು ಕಣ್ಣೂ ತೆರೆದಿತ್ತು. ಅವಳ ಬಳಿ ಸಿದ್ಧ ವಾಕ್ಯಗಳು ನೂರಿದ್ದವು. ಒಂದನ್ನೂ ಎರವಲು ಕೊಡಲಿಲ್ಲ. ಗುಂಡಮ್ಮ ಆಕಳಿಸಿದಳು.

ಕೊನೆಗೆ ಅಕ್ಕ, ಹಾಲಿನವನನ್ನು ದಬಾಯಿಸುವ ದನಿಯಲ್ಲಿ, ಶುರುಮಾಡಿದಳು.

“ನೋಡಪ್ಪಾ, ಮೊನ್ನೆ ಇವರು ಹಾಗೆ ನಗಬಾರದಿತ್ತು. ನಂಗೆ ತುಂಬಾ ನೋವಾಯ್ತು. ಈ ಹುಡುಗಿ ಬೇರೆ ಬಾಗಿಲು ಹಾಕ್ಕೊಂಡು ನನ್ನ ಬಗ್ಗೆ ನಿನಗೆ ಏನೇನು ಹೇಳಿದಾಳೋ. ಅದ್ರಲ್ಲಿ ಅರ್ಧ ನಿಜಾನೂ ಇರ್ಬಹುದು.”

“ಅರ್ಧಕ್ಕಿಂತ ಸ್ವಲ್ಪ ಜಾಸ್ತಿ,” ಎಂದಳು ವಕೀಲೆ.

“ಕಣ್ಣು ಮುಚ್ಚೇ,” ಎಂದು ಗದರಿ ಅಕ್ಕ ಮುಂದುವರಿಸಿದಳು.