ನೀಲಗಿರಿ ತೋಪಿನಾಚೆಯ ಶಿಷ್ಯೆ

ಶಂಕರಪುರಂನ ಗೋದಾ ಮೂವತ್ತು ವರ್ಷದಿಂದ ಮನೆಯಲ್ಲೇ ಸಂಗೀತ ಹೇಳಿಕೊಡುತ್ತಿದ್ದರು. ಶ್ರುತಿ ಜಾರಿದರೆ ತಿದ್ದುತ್ತಿದ್ದರು. ತಾಳ ತಪ್ಪಿದರೆ ಮಾತ್ರ ಸಹಿಸುತ್ತಿರಲಿಲ್ಲ. ಕನಕಪುರದಾಚೆಯ ಹಳ್ಳಿಯೊಂದರ ಅಂಗನವಾಡಿ ಟೀಚರ್ ಯಮುನಾ ಅವರಲ್ಲಿ ಫೋನಿನ ಮೂಲಕ ಕಲಿಯುತ್ತಿದ್ದಳು. ಮೂವತ್ತೆರಡನೆಯ ವಯಸ್ಸಿಗೆ ಸರಳೆ ವರಸೆಯಿಂದ ಶುರುಮಾಡಿದವಳು ಎರಡೇ ವರ್ಷಕ್ಕೆ ವರ್ಣದವರೆಗೆ ಬಂದಿದ್ದಳು.

ಆಷಾಢದಲ್ಲಿ ಅವಳ ಹಾಡು ಕೆಟ್ಟಿತು. ಒಂದು ಕಡೆ ನಿಂತುಬಿಡುವಳು, ಮರುಕ್ಷಣವೇ ಎರಡು ಸ್ವರ ನುಂಗಿ ಓಡುವಳು. ಮೂರು ವಾರ ಹೀಗೇ ಆಯಿತು.

“ನೆಟ್‌ವರ್ಕ್ ಇರ್ಬೇಕು ಮೇಡಂ. ನಾನು ತಾಳ ಸರಿಯಾಗೇ ಹಾಕ್ತಿದೀನಿ.”

“ತಪ್ಪಿದೋರೆಲ್ಲ ನೆಟ್‌ವರ್ಕ್ ಮೇಲೇ ಹಾಕ್ತಾರಮ್ಮ. ನಿಂಗೆ ಲಯ ಕೂತಿಲ್ಲ, ಇನ್ನು ಕೂರೋದೂ ಇಲ್ಲ. ಬಿಟ್ಬಿಡು.”

“ಆಯ್ತು ಮೇಡಂ” ಎಂದಿತು ಫೋನು. ಯಮುನಾಳ ಕ್ಲಾಸಿನ ವೇಳೆಗೆ ಗೋದಾ ಬೇರೊಬ್ಬ ಹುಡುಗಿಯನ್ನು ಸೇರಿಸಿಕೊಂಡರು.

ಕಾರ್ತಿಕದಲ್ಲಿ ಯಮುನಾಳ ತಮ್ಮ ಸ್ವರೂಪ್ ಬಂದ. ಸುಲ್ತಾನ್‌ಪೇಟೆಯಲ್ಲಿ ತನ್ನ ಮದುವೆಯ ಕಾರ್ಡು ಮಾಡಿಸಿಕೊಂಡು, ಅಕ್ಕನ ಗುರುಗಳಿಗೆ ಕೊಡಲು ಬಂದಿದ್ದ.

“ಯಮುನಾ ಹಾಡ್ತಿದಾಳಾ?”

“ಇಲ್ಲ ಮೇಡಂ. ಅಂಗನವಾಡಿ ಮಕ್ಕಳಿಗೂ ಹಾಡಲ್ಲ.” ಅವನು ತನ್ನ ಫೋನು ತೆಗೆದ. “ಆ ಕೊನೇ ಕ್ಲಾಸಲ್ಲಿ ನಾನು ಪಕ್ಕದಲ್ಲೇ ಕೂತು ರೆಕಾರ್ಡ್ ಮಾಡ್ಕೊಂಡಿದ್ದೆ.”

ಗೋದಾ ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದರು. ಯಮುನಾ ಎಲ್ಲೂ ಎಡವಿರಲಿಲ್ಲ. ಕೊನೆಯ ಆವರ್ತ ಮುಗಿಯುವ ಮೊದಲೇ ಅವರ ಕೈ ನಿಂತಿತು.

“ನಮ್ಮನೆಗೂ ಟವರಿಗೂ ಮಧ್ಯೆ ನೀಲಗಿರಿ ತೋಪಿದೆ ಮೇಡಂ. ಗಾಳಿಗೆ ಮರ ತೂಗಾಡಿದ್ರೆ ಮಾತು ತುಂಡು ತುಂಡಾಗಿ ಹೋಗತ್ತೆ. ಎಲೆ ಒದ್ದೆಯಾದ್ರಂತೂ ಕೇಳ್ಲೇಬೇಡಿ. ಮರ ಎತ್ತರ ಬೆಳೆದಿದ್ದಕ್ಕೆ ಈ ಆಷಾಢದಲ್ಲಿ ಹಿಂಗಾಯ್ತು.”

ಮರುದಿನ ಗೋದಾ ಬಸ್ಸು ಹತ್ತಿ ಹಳ್ಳಿಗೆ ಹೋದರು. ಯಮುನಾ ಕಾಲಿಗೆ ನಮಸ್ಕಾರ ಮಾಡಿ ಕಾಫಿ ತಂದಿಟ್ಟಳು.

“ತಪ್ಪು ನಂದಮ್ಮ. ನೀನು ಹೇಳಿದ್ದನ್ನ ನಾನು ನಂಬ್ಲಿಲ್ಲ. ಒಂದ್ಸಲ ಹಾಡು, ನನ್ನೆದುರಿಗೆ.”

ಯಮುನಾ ನೆಟ್ಟಗೆ ಕೂತು ಷಡ್ಜ ಹಿಡಿದಳು. ಪಲ್ಲವಿಯ ಎರಡನೆಯ ಸಾಲಿಗೇ ದನಿ ಒಡೆಯಿತು. ಇನ್ನೊಮ್ಮೆ ಹಿಡಿದಳು. ಈ ಸಲ ತಾಳದ ಕೈಯೇ ತಪ್ಪಿತು.

“ಆಗಲ್ಲ ಮೇಡಂ,” ಎಂದಳು ತಲೆ ತಗ್ಗಿಸಿ. “ಬಾಯಿ ತೆಗೆದ್ರೆ ನೀವಂದಿದ್ದೇ ಕೇಳ್ಸತ್ತೆ. ನೀವು ಹೇಳಿದ್ಮೇಲೆ ಅದೇ ನಿಜ ಅಂದ್ಕೊಂಡ್ಬಿಟ್ಟೆ.”

ಗೋದಾ ಅವಳ ಕೈ ಹಿಡಿದುಕೊಂಡರು. ಪ್ರತಿ ಭಾನುವಾರ ತಾನೇ ಬರುತ್ತೇನೆಂದರು. ಯಮುನಾ ಬೇಡವೆನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಬಸ್ ಸ್ಟಾಪಿನವರೆಗೂ ಬಂದು ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟಳು.