ಹೊತ್ತು ಮುಳುಗುವ ಮೊದಲು

ಒಟ್ಟು ಹನ್ನೊಂದು ಆ್ಯಪ್. ಮೂಡುಬಿದಿರೆಯ ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಕೂತು ಆರು ವರ್ಷ ಅವನ್ನೆಲ್ಲ ಸಾಕಿದ ಸಮ್ಮೇದನಿಗೆ ಈಗ ಸಾಕೋ ಸಾಕಾಗಿತ್ತು. ವಿಟ್ಲದ ಬಸ್ಸಿನ ಸಮಯ ಸರಿಮಾಡಿದರೆ ಅಡಿಕೆ ಧಾರಣೆಯದ್ದು ಮುಷ್ಕರ ಹೂಡುತ್ತಿತ್ತು. ಅದನ್ನು ರಮಿಸಿ ಏಳುವಷ್ಟರಲ್ಲಿ ಮತ್ತೊಂದು. ಮೂರನ್ನು ಉಳಿಸಿ ಎಂಟಕ್ಕೆ ಎಳ್ಳುನೀರು ಬಿಡುವುದೆಂದು ನಿಶ್ಚಯಿಸಿದ.

ಏಳು ಸಲೀಸಾಗಿ ಹೋದವು. ಎಂಟನೆಯದು ‘ಹೊತ್ತು’, ಅವನ ಮೊದಲ ಆ್ಯಪ್. ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನರ ಮನೆಗಳಿಗೆಂದು ಮಾಡಿದ್ದು. ಅವನೇ ಆ ನಿಯಮ ಬಿಟ್ಟು ಎಷ್ಟೋ ಕಾಲವಾಗಿತ್ತು, ಅದು ಬೇರೆ ಮಾತು. ಮುಳುಗಲು ಅರ್ಧ ಗಂಟೆ ಇರುವಾಗ ಫೋನಿನಲ್ಲಿ ಅವನದೇ ದನಿ ಕೂಗುತ್ತಿತ್ತು: “ಹೊತ್ತಾಯಿತು, ಊಟಕ್ಕೆ ಏಳುವ.” ಬಳಸುವವರು ಎಷ್ಟೆಂದು ನೋಡಿದ. ಒಂದೇ ಫೋನ್. ತಾನು ಪರೀಕ್ಷೆಗೆ ಇಟ್ಟುಕೊಂಡ ಹಳೆಯದಿರಬೇಕು ಅಂದುಕೊಂಡು ಸರ್ವರಿನಿಂದ ಅದನ್ನೂ ಅಳಿಸಿ ಹಾಕಿದ. ಮನಸ್ಸು ಹಗುರಾಗುತ್ತದೆಂದು ಕಾದ. ಆಗಲಿಲ್ಲ, ಬರೀ ನಿದ್ದೆ ಬಂತು.

ನಾಲ್ಕನೆಯ ದಿನ ಮಧ್ಯಾಹ್ನ ಒಂದು ಕರೆ.

“ಸಮ್ಮೇದ್ ಅಂದ್ರೆ ನೀನೇಯಾ ಮಗಾ? ನಾನು ನಾರಾವಿಯ ಅನಂತಮತಿ. ಸೊಸೆ ಆ್ಯಪಲ್ಲಿ ನಿನ್ನ ನಂಬರ್ ಹುಡುಕಿ ಕೊಟ್ಳು. ಹುಷಾರುಂಟಾ?”

“ಉಂಟು ಅಮ್ಮ. ಎಂತ ವಿಷಯ?”

“ಮೂರು ದಿನ ಆಯ್ತು, ನೀನು ಕರೀಲೇ ಇಲ್ಲ. ಜ್ವರವೋ ಏನೋ ಅಂತ ನನಗೆ ಹೆದರಿಕೆ.”

ದಿನಾ ಸಂಜೆ ತಾನೇ ಕೂತು ಕೂಗುತ್ತೇನೆಂದು ಈ ಅಮ್ಮ ನಂಬಿದ್ದಾರೆ! ಸಮ್ಮೇದನಿಗೆ ನಗು ಬಂತು. ಅದು ನಾನಲ್ಲ, ಮಿಷನ್ ಎಂದು ಹೇಳಹೊರಟವನು ಬೇರೆಯೇ ಕೇಳಿದ.

“ಮತ್ತೆ ನಿಮ್ಮ ಊಟ?”

“ಕಣ್ಣಿಗೆ ಪೊರೆ ಬಂದಿದೆ, ಗಡಿಯಾರವೂ ಕಾಣುವುದಿಲ್ಲ, ಹೊತ್ತು ಮುಳುಗಿದ್ದೂ ಗೊತ್ತಾಗುವುದಿಲ್ಲ. ಸೊಸೆ ಕೆಲಸದಿಂದ ಬರುವಾಗ ಹೊತ್ತು ಮುಳುಗಿ ಆಗಿರ್ತದೆ. ಮೂರು ದಿನ ಸಂಜೆ ಊಟ ಬಿಟ್ಟೆ. ಅದಿರಲಿ, ಉಪವಾಸ ನನಗೆ ಹೊಸತಲ್ಲ. ನಿನಗೆ ಸಾಕಾಗಿದ್ರೆ ಸ್ವಲ್ಪ ರಜೆ ತಗೋ ಮಗಾ. ದಿನಾ ಕರೆಯುವುದು ಅಂದ್ರೆ ಸುಮ್ಮನೆಯಾ?”

ಆರು ವರ್ಷದಲ್ಲಿ ಅವನಿಗೆ ರಜೆ ತಗೋ ಅಂದವರು ಇವರೊಬ್ಬರೇ. ಅಳಿಸಿದ್ದನ್ನು ಮತ್ತೆ ಕಟ್ಟಲು ವಾರವಾದರೂ ಬೇಕು. ಅಲ್ಲಿಯವರೆಗೆ ಇವರ ಊಟ?

ಸಂಜೆ ಆರಕ್ಕೆ ಕಿಟಕಿಯಾಚೆ ನೋಡಿ, ಅದೇ ನಂಬರಿಗೆ ತಾನೇ ಫೋನ್ ಮಾಡಿದ.

“ಹೊತ್ತಾಯಿತು ಅಮ್ಮ, ಊಟಕ್ಕೆ ಏಳುವ.”

“ಹಾಂ, ಬಂದ್ಯಾ? ಎದ್ದೆ, ಎದ್ದೆ. ನಿನ್ನ ಊಟ ಆಯ್ತಾ ಮಗಾ? ದಿನಾ ಕೇಳ್ತೇನೆ, ನೀನು ಉತ್ತರವೇ ಕೊಡುವುದಿಲ್ಲ.”