ಊರು ಸುಟ್ಟವನ ಹೆಸರು

ಗಂಗಮ್ಮ ನಪಾಸಾದದ್ದು ಒಂದೇ ಒಂದು ಪ್ರಶ್ನೆಗೆ. ಹತ್ತರಲ್ಲಿ ಆರು ಸರಿ ಹೇಳಿದ್ದರೆ ಆಕೆ ಅಮೆರಿಕದ ಪ್ರಜೆ. ಹೇಳಿದ್ದು ಐದು. ಕ್ರಾಸ್‌ರೋಡ್ಸ್ ಬಡಾವಣೆಯ ಅಪಾರ್ಟ್‌ಮೆಂಟುಗಳಲ್ಲಿದ್ದ ಕನ್ನಡದವರೆಲ್ಲ "ಪಾಪ, ವಯಸ್ಸಾಯ್ತಲ್ಲ, ಮರೆವು" ಅಂದುಕೊಂಡರು. ಮರೆವಲ್ಲ ಅಂತ ಗೊತ್ತಿದ್ದದ್ದು ದುಭಾಷಿಯಾಗಿ ಪಕ್ಕದಲ್ಲಿ ಕೂತಿದ್ದ ಸುಲೋಚನಾಗೆ ಮಾತ್ರ.

"ಈ ದೇಶದ ಪಿತಾಮಹ ಯಾರು?" ಎಂದು ಅಧಿಕಾರಿ ಕೇಳಿದ್ದ. ಗಂಗಮ್ಮ ಸೆರಗು ಸರಿಮಾಡಿಕೊಂಡು, "ಊರು ಸುಟ್ಟಾಂವ" ಎಂದಿದ್ದಳು. ಆಡಿದ್ದನ್ನು ಆಡಿದ ಹಾಗೇ ದಾಟಿಸುತ್ತೇನೆಂದು ಪ್ರಮಾಣ ಮಾಡಿ ಕೂತಿದ್ದ ಸುಲೋಚನಾ ಅದನ್ನೇ ದಾಟಿಸಿದಳು. "ಹೆಸರು?" ಎಂದು ಅಧಿಕಾರಿ ಕಾದ. ಗಂಗಮ್ಮ ಬಾಯಿ ಬಿಡಲಿಲ್ಲ.

"ಯಾಕ್ ಗಂಗಮ್ಮನೋರೇ?" ಕಾರು ಹತ್ತಿದ ಮೇಲೆ ಸುಲೋಚನಾ ಕೇಳಿದಳು. "ಮನೇಲಿ ನೂರು ಸಲ ಹೇಳಿಸಿದೀನಿ, ಪಟಪಟ ಅಂತಿದ್ರಿ."

"ಬಾಯಿಗೆ ಬಂತವ್ವ, ಅಂದೆ."

"ಇರೋದೇ ಎರಡು ಚಾನ್ಸು. ಏಪ್ರಿಲಲ್ಲಿ ಕೊನೇದು."

"ಗೊತ್ತೈತಿ."

ಗೊತ್ತಿಲ್ಲದೆ ಏನು? ಬಾಗಲಕೋಟೆ ಕಡೆಯ, ಮುಳುಗಡೆಯವರ ಪುನರ್ವಸತಿ ಕೇಂದ್ರದಲ್ಲಿ ಅಕ್ಕ ದೇವೀರಮ್ಮ ಲಕ್ವ ಹೊಡೆದು ಮಲಗಿದ್ದಳು. ಗ್ರೀನ್ ಕಾರ್ಡಿನವರು ವರ್ಷಗಟ್ಟಲೆ ಹೊರಗೆ ಉಳಿದರೆ ಕಾರ್ಡೇ ಹೋಗುತ್ತದೆ, ಇಲ್ಲಿರುವ ತನ್ನ ಮಗಳು ಸ್ಮಿತಾಳ ಮನೆಗೆ ಮರಳುವ ದಾರಿ ಮುಚ್ಚುತ್ತದೆ. ಅಮೆರಿಕದ ನೀಲಿ ಪಾಸ್‌ಪೋರ್ಟಿದ್ದರೆ ಅಕ್ಕನ ಮಗ್ಗುಲಲ್ಲಿ ಎಷ್ಟು ದಿನವಾದರೂ ಕೂರಬಹುದು. ಒಡಹುಟ್ಟಿದವಳ ಬಾಯಿಗೆ ಗಂಜಿ ಹಾಕಬೇಕಾದರೂ ಪರದೇಶದವಳಾಗಿಯೇ ಹೋಗಬೇಕು. ಕಾನೂನುಗಳಿಗೆ ನಾಚಿಕೆ ಯಾವತ್ತು ಇತ್ತು?

ಊರು ಸುಟ್ಟವನ ಸುದ್ದಿ ಬಂದದ್ದು ಹಿಂದಿನ ಬೇಸಿಗೆಯ ಮೆಕ್ಕೆಜೋಳದಿಂದ. ಅಪಾರ್ಟ್‌ಮೆಂಟಿನ ಹಿಂದೆ, ಬಾಡಿಗೆಗೆ ಕೊಡುವ ತೋಟದ ತುಂಡುಗಳಲ್ಲಿ ಗಂಗಮ್ಮನದೂ ಒಂದು, ಹತ್ತು ಹೆಜ್ಜೆ ಉದ್ದ. ಜೋಳ ಗೇಣುದ್ದ ಎದ್ದ ಮೇಲೆ ಬುಡಕ್ಕೆ ಅಲಸಂದಿ ಊರಿ, ನಡುವೆ ಕುಂಬಳದ ಬಳ್ಳಿ ಬಿಟ್ಟಿದ್ದಳು. ಅಕ್ಕಡಿ. ಒಂದರ ನೆರಳಿನಲ್ಲಿ ಇನ್ನೊಂದು. ಪಕ್ಕದ ತುಂಡಿನ ಮುದುಕಿ ಮಾರ್ಲೀನ್ ಗುದ್ದಲಿ ಬಿಟ್ಟು ಬಂದು ನಿಂತಳು. ವಿಮಾನದ ಕಾರ್ಖಾನೆಯಲ್ಲಿ ರಿವೆಟ್ ಹೊಡೆದು ರಿಟೈರ್ ಆದ ಹೆಂಗಸು. ಪರೀಕ್ಷೆಗೆ ಸಾಲದಿದ್ದರೂ ತೋಟದ ಮಾತುಕತೆಗೆ ಗಂಗಮ್ಮನ ಹರಕು ಇಂಗ್ಲಿಷು ಸಾಕಿತ್ತು; ಮಾರ್ಲೀನಳ ಇಂಗ್ಲಿಷು ಅವಳ ಕಿವಿಯಲ್ಲಿ ಬಾಗಲಕೋಟೆಯ ಮಾತಾಗಿಯೇ ಇಳಿಯುತ್ತಿತ್ತು.

"ಇದನ್ನ ನಿನಗ ಯಾರು ಕಲಿಸಿದ್ರು?"

"ನಮ್ಮವ್ವ."

"ನನಗೂ ನಮ್ಮವ್ವನ ಕಲಿಸಿದ್ದು."

ಮಾರ್ಲೀನ್ ಅಮೆರಿಕದ ಮೂಲನಿವಾಸಿ, ಇರೊಕ್ವಾ ಮಂದಿಯವಳು, ಅದರಲ್ಲಿ ಸೆನೆಕಾ ಕುಲ. ಆರು ಕುಲ, ಒಂದೇ ಸೂರು ಎಂದು ಬಾಳಿದವರು. ಬಿಳಿಯರು ತಮ್ಮ ರಾಜನ ಮೇಲೆ ತಾವೇ ತಿರುಗಿಬಿದ್ದಾಗ ಆ ಸೂರು ಸೀಳಿತು. ಸೆನೆಕಾದವರು ರಾಜನ ಕಡೆ ಹೋದರು, ಒನೈಡಾದವರು ದಂಗೆಯವರ ಕಡೆ. ಸಾವಿರದ ಏಳುನೂರ ಎಪ್ಪತ್ತೊಂಬತ್ತರಲ್ಲಿ ವಾಷಿಂಗ್ಟನ್ ಕಳಿಸಿದ ದಂಡು ಬಂದು ನಲವತ್ತು ಊರು ಸುಟ್ಟಿತು. ತೆನೆಗಟ್ಟಿದ ಜೋಳ ಸುಟ್ಟಿತು, ಹಣ್ಣಿನ ಮರ ಕಡಿಯಿತು. ಆಮೇಲೆ ಬಂದ ಚಳಿಗಾಲದಲ್ಲಿ ಹಸಿವೇ ಉಳಿದ ಕೆಲಸ ಮುಗಿಸಿತು.

"ಊರು ಸುಟ್ಟಾಂವ. ನಾವು ಅವನ್ನ ಕರಿಯೋದೇ ಹಂಗ," ಎಂದಳು ಮಾರ್ಲೀನ್.

"ಮತ್ತ ಅವನ ಕಡಿ ನಿಂತವರು?"

"ಒನೈಡಾದವರಾ? ಹಸಿದ ಸಿಪಾಯಿಗಳಿಗೆ ಜೋಳ ಹೊತ್ತು ಕೊಟ್ಟಿದ್ರು. ಯುದ್ಧ ಗೆದ್ದ ಮ್ಯಾಲೆ ಅವರ ಭೂಮೀನೂ ಹೋತು."

ಗಂಗಮ್ಮ ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಡಿ ಅಂದಾಗ ಆಕೆಯ ಗಂಡ ಎಲ್ಲರಿಗಿಂತ ಮೊದಲು ಸಹಿ ಹಾಕಿ, ನಾಡಿಗಾಗಿ ಎಂದು ಕೊರಳಿಗೆ ಹಾರ ಹಾಕಿಸಿಕೊಂಡಿದ್ದ. ಅಕ್ಕನ ಗಂಡ ರಸ್ತೆಗೆ ಅಡ್ಡ ಮಲಗಿ ಜೈಲಿಗೆ ಹೋದ. ಅವತ್ತು ದೇವೀರಮ್ಮ ತಂಗಿಯ ಹೊಸ್ತಿಲಲ್ಲಿ ನಿಂತು, "ಸಹಿ ಹಾಕಿದ್ರೇನ ಗಂಗೀ?" ಎಂದಷ್ಟೇ ಕೇಳಿ ಹೋದವಳು ಎರಡು ವರ್ಷ ಮಾತಾಡಲಿಲ್ಲ. ನೀರು ಮಾತ್ರ ಯಾರನ್ನೂ ಕೇಳಲಿಲ್ಲ. ಹಾರದವನ ಹೊಲಕ್ಕೂ ಜೈಲಿನವನ ಹೊಲಕ್ಕೂ ಒಂದೇ ಮಟ್ಟಕ್ಕೆ ನಿಂತಿತು. ಈಗ ಅದರ ದಂಡೆಗೆ ಹೂದೋಟ, ಬಣ್ಣದ ಕಾರಂಜಿ.

ನಪಾಸಾದ ಸುದ್ದಿ ಕೇಳಿ ಮಾರ್ಲೀನ್ ಮೊದಲು ನಕ್ಕಳು. ಆಮೇಲೆ ಪರೀಕ್ಷೆಯ ಪುಸ್ತಕ ಇಸಿದುಕೊಂಡು ಹಾಳೆ ತಿರುವಿದಳು. ಮೂಲನಿವಾಸಿ ಕುಲಗಳ ಪಟ್ಟಿಯಲ್ಲಿ ಒನೈಡಾ ಇತ್ತು. ಸೆನೆಕಾ ಇರಲಿಲ್ಲ.

"ಈ ಸಲ ಅವನ ಹೆಸರು ಹೇಳು," ಎಂದು ಪುಸ್ತಕ ಮುಚ್ಚಿ ಕೊಟ್ಟಳು. "ಸಾಲ್ಯಾಗ ನಾನೂ ಅದನ್ನ ಹೇಳಿ ಪಾಸಾಗೀನಿ."

"ನಿನಗ ಸಿಟ್ಟು ಬರಂಗಿಲ್ಲ?"

"ಬರ್ತಿತ್ತು."

ಏಪ್ರಿಲ್ ಬಂತು. ಅದೇ ಕೋಣೆ, ಅದೇ ಬಾವುಟ, ಬೇರೆ ಅಧಿಕಾರಿ. ಸಭ್ಯ ಹುಡುಗ. ನೀರು ಬೇಕೇ ಎಂದು ಕೇಳಿದ. ಎಂಟು ಪ್ರಶ್ನೆ ಮುಗಿದಾಗ ಐದು ಸರಿಯಿತ್ತು. ಒಂಬತ್ತನೆಯದನ್ನು ಕೇಳಿದ. ಸುಲೋಚನಾ ಕನ್ನಡಕ್ಕೆ ತರುವ ಮೊದಲೇ ಗಂಗಮ್ಮನಿಗೆ ಅದು ಯಾವುದೆಂದು ತಿಳಿಯಿತು. ಸುಲೋಚನಾಳ ದನಿ ಸಣ್ಣಗಾಯಿತು.

"ಈ ದೇಶದ ಪಿತಾಮಹ ಯಾರು?"

ಎದೆಯಲ್ಲಿ ಏನಾದರೂ ಏಳಬಹುದು ಎಂದು ಗಂಗಮ್ಮ ಕಾದಳು. ಸಿಟ್ಟೋ ಅಳುವೋ. ಏನೂ ಏಳಲಿಲ್ಲ. ಹೊರಗೆ ನಿಂತ ಕಾರುಗಳ ನಂಬರ್ ಪ್ಲೇಟುಗಳ ಮೇಲೆಲ್ಲ ಅದೇ ಹೆಸರಿತ್ತು. ಈ ರಾಜ್ಯದ ಹೆಸರೇ ಅದು. ಹದಿನಾರು ವರ್ಷದಿಂದ ಆಕೆ ಮನೆಯ ವಿಳಾಸ ಬರೆದದ್ದೆಲ್ಲ ಅದರಲ್ಲೇ.

"ವಾಷಿಂಗ್ಟನ್," ಎಂದಳು.

ಅನುವಾದ ಮಾಡಲು ಏನೂ ಇರಲಿಲ್ಲ. ಅಧಿಕಾರಿ ಗುರುತು ಹಾಕಿ, ನಕ್ಕು, ಸಹಿ ಹಾಕುವ ಜಾಗ ತೋರಿಸಿದ. ಗಂಗಮ್ಮ ಅಕ್ಷರ ಅಕ್ಷರವಾಗಿ ಹೆಸರು ಬರೆದಳು. ಕಾರಿನಲ್ಲಿ ಸುಲೋಚನಾ ಅತ್ತಳು, ಗಂಗಮ್ಮ ಅಳಲಿಲ್ಲ.

ಮಾರನೆಯ ಬೆಳಿಗ್ಗೆ ತೋಟದಲ್ಲಿ ನಿಂತೇ ಊರಿಗೆ ಫೋನ್ ಹಚ್ಚಿದಳು. ಅಲ್ಲಿ ಸಂಜೆ. ದೇವೀರಮ್ಮನ ಸೊಸೆ ಫೋನನ್ನು ಮುದುಕಿಯ ಕಿವಿಗೆ ಹಿಡಿದಳು. ಬೇಲಿಯಾಚೆ ಮಾರ್ಲೀನ್ ಮಣ್ಣು ಸಡಿಲಿಸುತ್ತಿದ್ದಳು.

"ಅಕ್ಕಾ, ಎಲ್ಲಾ ಮುಗೀತು. ಆಣಿ ಮಾಡಿಸಿ, ಆಮ್ಯಾಲೆ ಪಾಸ್‌ಪೋರ್ಟ್ ಕೊಡ್ತಾರ. ಕೊಟ್ಟ ಕೂಡಲೇ ಬರ್ತೀನಿ. ನಿನ್ನ ಕಡೀನ ಇರ್ತೀನಿ."

ಆ ಕಡೆ ಬಹಳ ಹೊತ್ತು ಬರೀ ಉಸಿರು. ಆಮೇಲೆ ಸೊಟ್ಟಗಾದ ಬಾಯಿಂದ ಒಂದೊಂದೇ ಮಾತು ಎಳೆದು ದೇವೀರಮ್ಮ ಕೇಳಿದಳು.

"ಸಹಿ... ಹಾಕಿದೇನ... ಗಂಗೀ?"

"ಹ್ಞೂಂ."

ಉಸಿರು ಮತ್ತೆ ಶುರುವಾಯಿತು. ಗಂಗಮ್ಮ ಫೋನು ಕಿವಿಗೆ ಒತ್ತಿಕೊಂಡು ನಿಂತೇ ಇದ್ದಳು, ಅಕ್ಕ ಇನ್ನೇನಾದರೂ ಅಂದಾಳೆಂದು.